‘ಚೆಕ್’ ಎಂಬ ಪುಟ್ಟ ಮಾತು

ಬೆಳಗಿನಿಂದ ರಾತ್ರಿಯವರೆಗೆ ನಾವು ಎಷ್ಟು ಸಲ ‘ಚೆಕ್’ ಎನ್ನುತ್ತೇವೆ ಎಂಬುದನ್ನು ನೀವು ಎಂದಾದರೂ ಎಣಿಸಿ ನೋಡಿದ್ದೀರಾ? ಬಟ್ಟೆಯಂಗಡಿಗೆ ಹೋದರೆ, ಗೀಟಿನ ಷರ್ಟು ಬೇಡ, ಚೆಕ್ಸ್ ತೋರಿಸಿ ಎನ್ನುತ್ತೇವೆ. ಟಿಕೆಟ್ಟಿಲ್ಲದೆ ಬಸ್ಸಿನಲ್ಲಿ ಕುಳಿತವನಿಗೆ ‘ಚೆಕಿಂಗ್ ಬಂತು’ ಎಂಬ ಮಾತು ಕಿವಿಗೆ ಬಿದ್ದರೆ ಎದೆ ಡವಗುಟ್ಟುತ್ತದೆ. ಬ್ಯಾಂಕಿನಲ್ಲಿ ಬರೆದುಕೊಡುವುದು ಚೆಕ್ಕು. ಊರ ಹೊರಗೆ ಲಾರಿಗಳನ್ನು ನಿಲ್ಲಿಸುವ ಕಡೆ ಚೆಕ್ ಪೋಸ್ಟು. ಹಳ್ಳಿಯ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ್ದು ಚೆಕ್ ಡ್ಯಾಮು. ಜಗಲಿಯ ಮೇಲೆ ಚೆಸ್ ಆಡುತ್ತ ಕುಳಿತ ಹುಡುಗ ಎದುರಾಳಿಯ ರಾಜನ ಮುಂದೆ ಕುದುರೆಯನ್ನು ಕುಕ್ಕಿ ‘ಚೆಕ್’ ಎಂದು ಕೂಗುತ್ತಾನೆ. ಅಂಗಿಯ ಬಟ್ಟೆ, ಟಿಕೆಟ್ಟಿನ ತನಿಖೆ, ಹಣದ ಕಾಗದ, ನೀರಿನ ಅಡ್ಡಗಟ್ಟೆ, ಆಟದ ಕೂಗು, ಇವುಗಳಿಗೆ ತಮ್ಮ ತಮ್ಮಲ್ಲಿ ಏನು ಸಂಬಂಧ?

ತರಗತಿಯಲ್ಲಿ ಹುಡುಗರು ಈ ಪ್ರಶ್ನೆಯನ್ನು ಕೇಳುವುದುಂಟು. ಇಂಗ್ಲಿಷ್ ನಿಘಂಟು ತೆರೆದರೆ ಒಂದೇ ಮಾತಿನ ಕೆಳಗೆ ಒಂದು, ಎರಡು, ಮೂರು ಎಂದು ಅರ್ಥಗಳ ಸಾಲು ನಿಂತಿರುತ್ತದೆ. ಹುಡುಗ ಅದನ್ನು ಕಂಠಪಾಠ ಮಾಡುತ್ತಾನೆ, ಪರೀಕ್ಷೆಯ ಮರುದಿನ ಮರೆಯುತ್ತಾನೆ. ಮರೆಯುವುದು ಅವನ ತಪ್ಪಲ್ಲ. ಬಂಧುತ್ವ ತಿಳಿಯದ ಹತ್ತು ಜನರ ಹೆಸರನ್ನು ಯಾರಿಗೆ ತಾನೆ ನೆನಪಿಟ್ಟುಕೊಳ್ಳಲು ಸಾಧ್ಯ? ಅವರೆಲ್ಲ ಒಂದೇ ಅಜ್ಜನ ಮೊಮ್ಮಕ್ಕಳು ಎಂದು ಗೊತ್ತಾದರೆ ಮಾತು ಬೇರೆ.

ಆದರೆ ಮೊದಲು ಒಂದು ವಿವೇಚನೆ ಬೇಕು. ಒಂದೇ ರೂಪದ ಮಾತಿಗೆ ಹಲವು ಅರ್ಥವಿದ್ದರೆ ಅದಕ್ಕೆ ಕಾರಣ ಎರಡು ಬಗೆಯದಾಗಿರಬಹುದು. ನಮ್ಮ ‘ಅರಿ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಅರಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು, ಅರಿ ಎಂದರೆ ಶತ್ರು. ಮೂರಕ್ಕೂ ನಂಟಿಲ್ಲ. ತಿಳಿ ಎಂಬ ಅರ್ಥದ್ದನ್ನು ಹಳಗನ್ನಡದಲ್ಲಿ ಶಕಟರೇಫ ಹಾಕಿ ‘ಅಱಿ’ ಎಂದು ಬರೆಯುತ್ತಿದ್ದರು. ಕತ್ತರಿಸು ಎಂಬುದು ಸಾಮಾನ್ಯ ರೇಫದ ‘ಅರಿ’. ಶತ್ರುವೋ ಸಂಸ್ಕೃತದಿಂದ ಬಂದವನು. ಶಕಟರೇಫ ಬಳಕೆಯಿಂದ ಬಿದ್ದುಹೋದ ಮೇಲೆ ಮೂವರೂ ಒಂದೇ ಅಂಗಿ ತೊಟ್ಟು ನಿಂತರು. ಇವರು ಅಣ್ಣತಮ್ಮಂದಿರಲ್ಲ, ಛತ್ರದಲ್ಲಿ ಸೇರಿದ ದಾರಿಹೋಕರು.

ಇನ್ನೊಂದು ಬಗೆ ‘ಪಾದ’ ಎಂಬ ಮಾತಿನದು. ಪಾದವೆಂದರೆ ಕಾಲು, ಪದ್ಯದ ಒಂದು ಸಾಲೂ ಪಾದ, ನಾಲ್ಕರಲ್ಲಿ ಒಂದು ಪಾಲೂ ಪಾದ. ಯಾಸ್ಕಾಚಾರ್ಯರು ನಿರುಕ್ತದಲ್ಲಿ ಇದರ ಗುಟ್ಟನ್ನು ಬಿಡಿಸಿದ್ದಾರೆ. ಪಶುವಿಗೆ ನಾಲ್ಕು ಪಾದ. ಆದ್ದರಿಂದ ಯಾವುದನ್ನೇ ನಾಲ್ಕು ಪಾಲು ಮಾಡಿದರೂ ಒಂದೊಂದು ಪಾಲು ಒಂದೊಂದು ಪಾದ. ನಾವು ಕಾಲು ಸೇರು, ಕಾಲು ಗಂಟೆ ಎನ್ನುವಾಗಲೂ ಅದೇ ದನದ ಕಾಲನ್ನು ಹಿಡಿದುಕೊಂಡಿರುತ್ತೇವೆ. ಇಲ್ಲಿ ಮಾತು ಒಂದೇ, ಅರ್ಥ ಮಾತ್ರ ಕೊಂಬೆಯೊಡೆದಿದೆ.

ಹಾಗಾದರೆ ಚೆಕ್ ಯಾವ ಬಗೆಯದು? ಛತ್ರದ ಬಗೆಯದೋ, ಮನೆತನದ ಬಗೆಯದೋ? ಮನೆತನದ್ದೇ. ಬಟ್ಟೆ, ಬ್ಯಾಂಕು, ಬಸ್ಸು, ಅಡ್ಡಗಟ್ಟೆ ಎಲ್ಲವೂ ಒಂದೇ ಮನೆಯವು. ಮನೆಯ ಹಿರಿಯ ಒಬ್ಬ ರಾಜ. ಅಲಂಕಾರಕ್ಕಾಗಿ ಹೇಳುತ್ತಿಲ್ಲ, ಚೆಕ್ ಎಂಬ ಮಾತಿನ ಮೂಲಾರ್ಥವೇ ರಾಜ.

ಅವನನ್ನು ಹುಡುಕಬೇಕಾದರೆ ಚದುರಂಗದ ಮಣೆಯ ಹತ್ತಿರ ಹೋಗಬೇಕು. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆ ಚತುರಂಗ. ಆಟಕ್ಕೂ ಅದೇ ಹೆಸರು. ಏಳನೆಯ ಶತಮಾನದಲ್ಲಿ ಬಾಣಭಟ್ಟ ಹರ್ಷಚರಿತೆ ಬರೆಯುವ ಹೊತ್ತಿಗೆ ಅಷ್ಟಾಪದವೆಂಬ ಎಂಟೆಂಟು ಮನೆಯ ಹಾಸಿನ ಮೇಲೆ ಚತುರಂಗದ ಆಟ ನಡೆಯುತ್ತಿತ್ತು. ಅದನ್ನು ಹಿಡಿದು ಆತ ಒಂದು ಶ್ಲೇಷೆಯನ್ನೂ ಕಟ್ಟಿದ್ದಾನೆ. ಅದಕ್ಕೂ ಮೊದಲೇ ಆಟ ಪಾರಸೀಕರ ದೇಶ ಸೇರಿ ‘ಚತ್ರಂಗ್’ ಆಗಿತ್ತು. ಅವರಿಂದ ಅರಬರಿಗೆ. ಅರಬ್ಬಿಯಲ್ಲಿ ಚಕಾರವಿಲ್ಲ, ಗಕಾರವೂ ನಮ್ಮಂತಿಲ್ಲ. ಹೀಗಾಗಿ ಚತ್ರಂಗ್ ‘ಶತ್ರಂಜ್’ ಆಯಿತು. ಕನ್ನಡದಲ್ಲಿ ತಕಾರ ದಕಾರವಾಗಿ ಚತುರಂಗ ‘ಚದುರಂಗ’ವಾದ ಹಾಗೆಯೇ ಇದೂ, ಪ್ರತಿಯೊಂದು ಭಾಷೆಗೂ ತದ್ಭವ ಮಾಡಿಕೊಳ್ಳುವ ಬಾಯಿ ಇದೆ.

ಪಾರಸೀಕರು ಆಟದ ನಡುವೆ ಒಂದು ಶಿಷ್ಟಾಚಾರವನ್ನು ಪಾಲಿಸುತ್ತಿದ್ದರು. ಎದುರಾಳಿಯ ರಾಜನಿಗೆ ಅಪಾಯ ಒದಗುವ ನಡೆ ನಡೆಸಿದರೆ ಸುಮ್ಮನಿರಬಾರದು. ‘ಶಾಹ್’ ಎಂದು ಹೇಳಬೇಕು. ಶಾಹ್ ಎಂದರೆ ರಾಜ. ಅಯ್ಯಾ, ನಿನ್ನ ರಾಜನನ್ನು ನೋಡಿಕೋ ಎಂದು ಎಚ್ಚರಿಕೆ. ಹಿಂದೂಸ್ತಾನಿಯಲ್ಲಿ ಇಂದಿಗೂ ‘ಶಹ್’ ಮತ್ತು ‘ಮಾತ್’ ಎನ್ನುತ್ತಾರೆ. ಶಾಹ್ ಮಾತ್ ಎಂದರೆ ರಾಜ ಸತ್ತ ಎಂದು ಕೆಲವರು, ರಾಜ ದಿಕ್ಕುಗೆಟ್ಟ ಎಂದು ಕೆಲವರು. ಮೊದಲನೆಯವರು ಅರಬ್ಬಿಯ ಮಾತನ್ನೂ ಎರಡನೆಯವರು ಪಾರಸಿಯ ಮಾತನ್ನೂ ಆಧಾರವಾಗಿ ಹಿಡಿಯುತ್ತಾರೆ. ಎರಡನೆಯದೇ ನನಗೆ ಒಪ್ಪಿಗೆ. ಚದುರಂಗದಲ್ಲಿ ರಾಜನನ್ನು ಯಾರೂ ಕೊಲ್ಲುವುದಿಲ್ಲವಷ್ಟೆ. ಅವನಿಗೆ ಹೋಗಲು ಎಡೆಯಿಲ್ಲದಂತೆ ಮಾಡುತ್ತಾರೆ, ಅಲ್ಲಿಗೆ ಆಟ ಮುಗಿಯುತ್ತದೆ.

ಸಂಸ್ಕೃತ ಬಲ್ಲವರಿಗೆ ಈ ಶಾಹ್ ಅಪರಿಚಿತನಲ್ಲ. ಕ್ರಿಸ್ತಪೂರ್ವ ೫೨೦ರ ಸುಮಾರಿನಲ್ಲಿ ದಾರಿಯಸ್ ಚಕ್ರವರ್ತಿ ಬೆಹಿಸ್ತೂನಿನ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಈ ಮಾತು ‘ಕ್ಷಾಯಥಿಯ’ ಎಂಬ ಹಳೆಯ ರೂಪದಲ್ಲಿದೆ. ಅದು ಸವೆದು ಸವೆದು ಶಾಹ್ ಆಯಿತು. ಆಳು ಎಂಬ ಅರ್ಥದ ‘ಕ್ಷಿ’ ಧಾತು ವೇದದಲ್ಲಿದೆ. ಕ್ಷತ್ರ, ಕ್ಷತ್ರಿಯ ಎಂಬ ಮಾತುಗಳು ಅದರ ಬಳಗ. ಕ್ಷಯರೋಗದ ‘ಕ್ಷಿ’ ಬೇರೆ, ಅದನ್ನು ಇಲ್ಲಿಗೆ ತರಬಾರದು. ಪಾರಸೀಕರ ಶಾಹನೂ ನಮ್ಮ ಕ್ಷತ್ರಿಯನೂ ದಾಯಾದಿಗಳು. ಒಬ್ಬರಿಂದ ಒಬ್ಬರು ಹುಟ್ಟಿದವರಲ್ಲ. ಇಬ್ಬರೂ ಇನ್ನೂ ಹಳೆಯ ಒಂದು ಮನೆಯಿಂದ ಬಂದವರು. ಬಸ್ಸಿನ ಚೆಕಿಂಗ್ ಇನ್‌ಸ್ಪೆಕ್ಟರಿಗೂ ಕ್ಷತ್ರಿಯ ಶಬ್ದಕ್ಕೂ ದೂರದ ಸಂಬಂಧವಿದೆ ಎಂದರೆ ನೀವು ನಗಬಹುದು, ಸಂಬಂಧವೇನೋ ಇದೆ.

ಅರಬರ ಜೊತೆಯಲ್ಲಿ ಆಟ ಸ್ಪೇನಿಗೂ ಸಿಸಿಲಿಗೂ ಹೋಯಿತು. ಕ್ರಿಸ್ತಶಕ ೧೦೦೦ದ ಹೊತ್ತಿಗೆ ಯೂರೋಪಿನ ಮಠಗಳಲ್ಲಿ ಅದರ ಮೇಲೆ ಲ್ಯಾಟಿನ್ ಪದ್ಯ ಕಟ್ಟುವಷ್ಟು ಬಳಕೆಯಾಗಿತ್ತು. ಲ್ಯಾಟಿನ್ ಬಾಯಲ್ಲಿ ಶಾಹ್ ‘ಸ್ಕಾಕ್’ ಆದ. ಶಕಾರ ‘ಸ್ಕ’ ಆಯಿತು, ಕೊನೆಯ ಹಕಾರ ಕಕಾರವಾಯಿತು. ಅಲ್ಲಿಂದ ಫ್ರೆಂಚರ ಬಾಯಿಗೆ. ಅವರಿಗೆ ಮಾತಿನ ಮೊದಲಲ್ಲೇ ಸಕಾರದ ಒತ್ತಕ್ಷರ ಬಂದರೆ ಕಷ್ಟ; ಮುಂದೆ ಒಂದು ಎಕಾರ ಸೇರಿಸಿಕೊಂಡು ‘ಎಸ್ಚೆಕ್’ ಎಂದರು. ಇದನ್ನು ಕೇಳಿ ಯಾರೂ ಹುಬ್ಬೇರಿಸಬೇಕಾಗಿಲ್ಲ. ನಮ್ಮ ಅಜ್ಜಿಯರು ಸ್ಕೂಲನ್ನು ಇಸ್ಕೂಲು ಎಂದೂ ಸ್ಟೇಷನ್ನನ್ನು ಇಸ್ಟೇಷನ್ನು ಎಂದೂ ಅನ್ನುತ್ತಿದ್ದರಲ್ಲ, ಇದು ಅದೇ. ಅಜ್ಜಿ ಅಂದರೆ ಅಶುದ್ಧ, ಫ್ರೆಂಚರು ಅಂದರೆ ಭಾಷಾಶಾಸ್ತ್ರ ಎನ್ನುವುದು ನ್ಯಾಯವಲ್ಲ.

ಇಂಗ್ಲಿಷರು ಫ್ರೆಂಚಿನಿಂದ ಇದನ್ನು ತೆಗೆದುಕೊಂಡಾಗ ಮುಂದಿನ ಎಕಾರವನ್ನು ಬಿಟ್ಟರು. ಏಕವಚನ ‘ಚೆಕ್’ ಆಯಿತು. ಬಹುವಚನದ ‘ಎಸ್ಚೆಸ್’ ಎಂಬುದು ‘ಚೆಸ್’ ಆಯಿತು. ಚೆಕ್ ಎಂದರೆ ರಾಜ, ಚೆಸ್ ಎಂದರೆ ರಾಜರು. ಹುಡುಗ ಚೆಸ್ ಆಡುತ್ತ ಚೆಕ್ ಎಂದಾಗ ಒಂದೇ ಮಾತಿನ ಬಹುವಚನವನ್ನು ಆಡುತ್ತ ಏಕವಚನವನ್ನು ಕೂಗುತ್ತಿರುತ್ತಾನೆ. ರಷ್ಯನರು ಆಟಕ್ಕೆ ‘ಶಾಖ್ಮತಿ’ ಎಂದು ಶಾಹ್ ಮಾತನ್ನೇ ಹೆಸರಿಟ್ಟುಕೊಂಡರು. ಸ್ಪೇನಿನವರು ಮಾತ್ರ ಅರಬರ ಶತ್ರಂಜನ್ನು ಹಿಡಿದು ‘ಅಹೆದ್ರೆಸ್’ ಎಂದರು; ಗುರುತು ಸಿಕ್ಕದಷ್ಟು ಸವೆದರೂ ಅದು ನಮ್ಮ ಚತುರಂಗವೇ.

ಮಣೆಯ ಮೂಲೆಯಲ್ಲಿ ನಿಲ್ಲುವ ಕಾಯಿಗೆ ಇಂಗ್ಲಿಷಿನಲ್ಲಿ ‘ರೂಕ್’ ಎನ್ನುತ್ತಾರೆ. ಅವರ ದೇಶದಲ್ಲಿ ರೂಕ್ ಎಂಬ ಒಂದು ಕಾಗೆಯೂ ಉಂಟು. ಕಾಗೆಯ ಹೆಸರು ಅದರ ಕೂಗಿನಿಂದ ಬಂದದ್ದು, ಅಚ್ಚ ಇಂಗ್ಲಿಷು. ಕಾಯಿಯ ಹೆಸರು ಪಾರಸಿಯ ‘ರುಖ್’. ಇವೆರಡೂ ನಮ್ಮ ‘ಅರಿ’ಯ ಜಾತಿ, ಛತ್ರದಲ್ಲಿ ಸೇರಿದವರು. ಒಂದೇ ಮಣೆಯ ಮೇಲೆ ಎರಡು ಬಗೆಗೂ ಉದಾಹರಣೆ ಸಿಕ್ಕಿತು.

ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಈ ಮಣೆಯ ಮೇಲೆ ಕುದುರೆಯನ್ನು ಒಂದು ಮನೆಯನ್ನೂ ಬಿಡದೆ, ಒಂದನ್ನೂ ಎರಡು ಸಲ ಮೆಟ್ಟದೆ ಅರವತ್ತನಾಲ್ಕು ಮನೆಗಳಲ್ಲಿ ನಡೆಸುವ ಬಂಧಗಳನ್ನು ರಚಿಸಿ ಹೆಸರಾದವರು. ಅವರು ಮಾಡಿಸಿದ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಆ ಕಥೆಗೆ ಇನ್ನೊಂದು ಭಾಷಣವೇ ಬೇಕು. ಈಗ ಚೆಕ್ಕಿನ ಹಿಂದೆ ಹೋಗೋಣ.

ಆಟದ ಮಣೆಯಿಂದ ಮಾತು ಹೊರಕ್ಕೆ ಕಾಲಿಟ್ಟದ್ದು ಹೇಗೆ? ಚೆಕ್ ಎಂದು ಕೂಗಿದೊಡನೆ ಎದುರಾಳಿ ತನ್ನ ಬೇರೆ ಯೋಚನೆಗಳನ್ನೆಲ್ಲ ನಿಲ್ಲಿಸಬೇಕು. ಮಂತ್ರಿಯನ್ನು ನುಗ್ಗಿಸಬೇಕೆಂದಿದ್ದನೋ, ಆನೆಯನ್ನು ತರಬೇಕೆಂದಿದ್ದನೋ, ಯಾವುದೂ ನಡೆಯುವಂತಿಲ್ಲ. ಮೊದಲು ರಾಜನನ್ನು ಉಳಿಸಬೇಕು. ಹೀಗೆ, ಮುಂದುವರಿಯುತ್ತಿದ್ದುದನ್ನು ಥಟ್ಟನೆ ನಿಲ್ಲಿಸುವುದು ಎಂಬ ಅರ್ಥ ಆ ಕೂಗಿಗೆ ಅಂಟಿತು. ಓಡುವ ಕುದುರೆಯನ್ನು ತಡೆದರೆ ಚೆಕ್. ಸಿಟ್ಟನ್ನು ನುಂಗಿಕೊಂಡರೆ ಚೆಕ್. ಹಳ್ಳದ ನೀರನ್ನು ತಡೆದರೆ ಚೆಕ್ ಡ್ಯಾಮ್. ಹಳ್ಳದ ಕಟ್ಟೆಗೆ ಆ ಹೆಸರು ಬಂದದ್ದು ಎಂಜಿನಿಯರು ಬಂದು ಪರಿಶೀಲಿಸುತ್ತಾರೆ ಎಂಬ ಕಾರಣದಿಂದಲ್ಲ, ನೀರಿಗೆ ‘ನಿಲ್ಲು’ ಎನ್ನುತ್ತದೆ ಎಂಬ ಕಾರಣದಿಂದ.

ತಡೆಯುವುದರಿಂದ ಪರಿಶೀಲನೆಗೆ ಇನ್ನೊಂದೇ ಹೆಜ್ಜೆ. ಕಳ್ಳಲೆಕ್ಕ ಬರೆಯುವವನನ್ನು ತಡೆಯುವುದು ಹೇಗೆ? ಅವನ ಲೆಕ್ಕವನ್ನು ಇನ್ನೊಂದು ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ, ತಪ್ಪನ್ನು ತಡೆಯುವ ಸಲುವಾಗಿ ಒಪ್ಪಹಚ್ಚಿ ನೋಡುವುದು ಎಂಬ ಅರ್ಥ ಕಾಣಿಸಿಕೊಳ್ಳುತ್ತದೆ. ಇಂದು ನಾವು ‘ಚೆಕ್ ಮಾಡು’ ಎನ್ನುವಾಗ ಮನಸ್ಸಿನಲ್ಲಿರುವುದು ಇದೇ. ಆದರೆ ಮನೆಯಲ್ಲಿ ಇದು ಕಿರಿಯ ಮಗ. ಚೆಕ್ ಪೋಸ್ಟಿನಲ್ಲಿ ಮಾತ್ರ ಹಿರಿಯನೂ ಕಿರಿಯನೂ ಒಟ್ಟಿಗಿದ್ದಾರೆ: ಲಾರಿಯನ್ನು ತಡೆಯುವುದೂ ಹೌದು, ಪರಿಶೀಲಿಸುವುದೂ ಹೌದು.

ಬಟ್ಟೆಯ ಚೆಕ್ಸು ಬೇರೆ ಬಾಗಿಲಿನಿಂದ ಬಂತು. ಚದುರಂಗದ ಹಾಸಿಗೆ ಹಳೆಯ ಫ್ರೆಂಚಿನಲ್ಲಿ ‘ಎಸ್ಚೆಕಿಯೆ’ ಎಂದು ಹೆಸರು. ಹಾಸಿನ ಮೇಲಿನ ಮನೆಗಳಂತೆ ನೇಯ್ದ ಬಟ್ಟೆ ಚೆಕ್ಸು. ನಮ್ಮ ನೇಕಾರರು ಇದಕ್ಕೆ ಚೌಕುಳಿ ಎನ್ನುತ್ತಾರೆ. ಇಂಗ್ಲಿಷಿನವನು ರಾಜನಿಂದ ಹೆಸರಿಟ್ಟ, ನಮ್ಮವನು ನಾಲ್ಕು ಮೂಲೆಯಿಂದ ಹೆಸರಿಟ್ಟ. ಚೌಕದಲ್ಲಿರುವ ನಾಲ್ಕು ಚತುರಂಗದಲ್ಲಿರುವ ನಾಲ್ಕೇ ಎಂಬುದನ್ನು ನೀವು ಗಮನಿಸಿರಬಹುದು.

ಈ ಹಾಸಿನ ಹೆಸರೇ ಮುಂದೆ ಒಂದು ರಾಜ್ಯದ ಬೊಕ್ಕಸದ ಹೆಸರಾಯಿತು. ಬ್ರಿಟನ್ನಿನ ಹಣಕಾಸಿನ ಮಂತ್ರಿಯನ್ನು ಇಂದಿಗೂ ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್ ಎನ್ನುತ್ತಾರಲ್ಲ, ಆ ಎಕ್ಸ್‌ಚೆಕರ್ ಎಂದರೆ ಚದುರಂಗದ ಹಾಸು. ಎರಡನೆಯ ಹೆನ್ರಿಯ ಕೋಶಾಧಿಕಾರಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ ಎಂಬಾತ ೧೧೭೭ರ ಸುಮಾರಿನಲ್ಲಿ ಗುರುಶಿಷ್ಯ ಸಂವಾದದ ರೂಪದಲ್ಲಿ ಬೊಕ್ಕಸದ ರೀತಿನೀತಿಗಳ ಮೇಲೆ ಒಂದು ಲ್ಯಾಟಿನ್ ಗ್ರಂಥ ಬರೆದ. ಅದರಲ್ಲಿ ಆ ಮೇಜಿನ ವರ್ಣನೆ ಇದೆ. ಹತ್ತು ಅಡಿ ಉದ್ದ, ಐದು ಅಡಿ ಅಗಲ; ಮೇಲಿಟ್ಟದ್ದು ಉರುಳದಂತೆ ಸುತ್ತ ನಾಲ್ಕು ಬೆರಳೆತ್ತರದ ಅಂಚು. ಮೇಲೆ ಕರಿಯ ಬಟ್ಟೆ. ಬಟ್ಟೆಯ ಮೇಲೆ ಒಂದಡಿಗೋ ಒಂದು ಗೇಣಿಗೋ ಒಂದರಂತೆ ಗೆರೆಗಳು. ಪೌಂಡಿಗೆ ಒಂದು ಅಂಕಣ, ಷಿಲಿಂಗಿಗೆ ಒಂದು, ಪೆನ್ನಿಗೆ ಒಂದು. ಅಂಕಣಗಳಲ್ಲಿ ಬಿಲ್ಲೆಗಳನ್ನಿಟ್ಟು ಕೂಡಿಸಿ ಕಳೆಯುವುದು. ಆಗಿನ ರೋಮನ್ ಅಂಕಿಗಳಲ್ಲಿ ಕಾಗದದ ಮೇಲೆ ಲೆಕ್ಕ ಮಾಡುವುದು ಎಂಥ ಸಾಹಸವೆಂಬುದನ್ನು ಒಮ್ಮೆ ಪ್ರಯತ್ನಿಸಿದವರಿಗೆ ಹೇಳಬೇಕಾಗಿಲ್ಲ. ವರ್ಷಕ್ಕೆರಡು ಬಾರಿ ಸೀಮೆಯ ಷೆರೀಫನು ಬಂದು ತಾನು ಎತ್ತಿದ ಕಂದಾಯದ ಲೆಕ್ಕ ಒಪ್ಪಿಸಬೇಕು. ಮೇಜಿನ ಒಂದು ಕಡೆ ಅವನು, ಇನ್ನೊಂದು ಕಡೆ ಕೋಶಾಧಿಕಾರಿ, ಸುತ್ತ ನೋಡುವವರು. ಚದುರಂಗದಲ್ಲಿ ಇಬ್ಬರ ನಡುವೆ ಯುದ್ಧ ನಡೆದಂತೆ ಇಲ್ಲಿಯೂ ಇಬ್ಬರ ನಡುವೆ ಯುದ್ಧ ಎಂದು ಆ ಗ್ರಂಥಕಾರನೇ ಹೋಲಿಕೆ ಕೊಟ್ಟಿದ್ದಾನೆ. ಹೆಸರಿನ ಮೊದಲಿನ ‘ಎಕ್ಸ್’ ಎಂಬುದು ಮಾತ್ರ ನಡುವೆ ಯಾರೋ ಲ್ಯಾಟಿನ್ ಬಲ್ಲವರೆಂದುಕೊಂಡವರು ತಿದ್ದಿ ಕೆಡಿಸಿದ್ದು. ಪಂಡಿತರು ತಿದ್ದಿ ಕೆಡಿಸುವುದು ನಮ್ಮ ದೇಶಕ್ಕೇ ಮೀಸಲಲ್ಲ.

ಕರಿಯ ಬಟ್ಟೆ ಎಂದಾಗ ನಿಮಗೆ ನಮ್ಮ ಕಡತ ನೆನಪಾಗಿರಬೇಕು. ಹುಣಿಸೆಬೀಜದ ಸರಿಗೆ ಇದ್ದಿಲು ಸೇರಿಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ, ಬಳಪದ ಕಲ್ಲಿನಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕವೇ ಕಡತ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚೆನ್ನಾಗಿ ಗೊತ್ತು. ಇಂಗ್ಲೆಂಡಿನ ಬಟ್ಟೆಗೂ ಇದಕ್ಕೂ ನಂಟಿಲ್ಲ. ಆದರೆ ಹಾದಿ ಒಂದೇ ಆಯಿತು. ಅಲ್ಲಿ ಬಟ್ಟೆಯ ಹೆಸರು ಇಲಾಖೆಗೆ ಹೋಯಿತು. ಇಲ್ಲಿ ಬಟ್ಟೆಯ ಹೆಸರು ಕಚೇರಿಯ ಕಾಗದದ ಕಟ್ಟಿಗೆ ಹೋಯಿತು. ಇಂದು ‘ಕಡತ ಮೇಲಿನವರ ಹತ್ತಿರ ಇದೆ’ ಎನ್ನುವ ಗುಮಾಸ್ತರಲ್ಲಿ ಎಷ್ಟು ಮಂದಿ ಹುಣಿಸೆಬೀಜವನ್ನು ನೆನೆಯುತ್ತಾರೋ!

ಆ ಬೊಕ್ಕಸದಲ್ಲಿ ಹಣ ಕಟ್ಟಿದವನಿಗೆ ರಸೀತಿಯಾಗಿ ಕೊಡುತ್ತಿದ್ದುದು ಒಂದು ಮರದ ಕಡ್ಡಿ. ಸಾವಿರ ಪೌಂಡಿಗೆ ಅಂಗೈಯಗಲದ ಕಚ್ಚು, ನೂರಕ್ಕೆ ಹೆಬ್ಬೆರಳಗಲ, ಇಪ್ಪತ್ತಕ್ಕೆ ಕಿರುಬೆರಳಗಲ, ಒಂದು ಪೌಂಡಿಗೆ ಬಲಿತ ಜವೆಯ ಕಾಳಿನಷ್ಟು. ಕಚ್ಚು ಹಾಕಿದ ಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ ಒಂದು ಭಾಗ ಕಟ್ಟಿದವನಿಗೆ, ಒಂದು ಭಾಗ ಬೊಕ್ಕಸಕ್ಕೆ. ತಕರಾರು ಬಂದರೆ ಎರಡನ್ನೂ ಜೋಡಿಸಿ ನೋಡಿದರಾಯಿತು. ಒಂದರಲ್ಲಿ ಹೊಸದಾಗಿ ಕಚ್ಚು ಕೊರೆದರೆ ಇನ್ನೊಂದು ಬಾಯಿ ಬಿಡುತ್ತದೆ. ಇದಕ್ಕೆ ಟ್ಯಾಲಿ ಎಂದು ಹೆಸರು. ೧೮೨೬ರವರೆಗೂ ಇದು ನಡೆದುಬಂತು. ಕೂಡಿಬಿದ್ದ ಹಳೆಯ ಕಡ್ಡಿಗಳನ್ನು ೧೮೩೪ರ ಅಕ್ಟೋಬರ್ ೧೬ರಂದು ಪಾರ್ಲಿಮೆಂಟಿನ ಒಲೆಗಳಲ್ಲಿ ಹಾಕಿ ಸುಟ್ಟರು. ಬೆಂಕಿ ಮಿತಿಮೀರಿ ಪಾರ್ಲಿಮೆಂಟಿನ ಕಟ್ಟಡಗಳೇ ಸುಟ್ಟುಹೋದವು. ಹಳೆಯ ಕಡತಗಳನ್ನು ಸುಡುವವರು ಒಲೆಯ ಗಾತ್ರವನ್ನಾದರೂ ನೋಡಿಕೊಳ್ಳಬೇಕು.

ಈಗ ಬ್ಯಾಂಕಿನ ಚೆಕ್ಕು. ಇಂಥವನಿಗೆ ಇಷ್ಟು ಹಣ ಕೊಡಿ ಎಂದು ಸಾಹುಕಾರನಿಗೆ ಬರೆಯುವ ಚೀಟಿ ಬಹು ಹಳೆಯದು. ಇಂಗ್ಲೆಂಡಿನಲ್ಲಿ ೧೬೫೯ರ ತಾರೀಖಿನ ಒಂದು ಚೀಟಿ ಪ್ರಸಿದ್ಧವಾಗಿದೆ. ಆಗ ಇನ್ನೂ ಅದಕ್ಕೆ ಈ ಹೆಸರು ಅಂಟಿರಲಿಲ್ಲ. ಹದಿನೆಂಟನೆಯ ಶತಮಾನದ ಮೊದಲಲ್ಲಿ ಚೆಕ್ ಎಂದು ಕರೆದದ್ದು ಚೀಟಿಯನ್ನಲ್ಲ, ಚೀಟಿ ಹರಿದ ಮೇಲೆ ಪುಸ್ತಕದಲ್ಲಿ ಉಳಿಯುವ ಪಕ್ಕದ ತುಂಡನ್ನು, ಎಂದರೆ ಕೌಂಟರ್‌ಫಾಯಿಲನ್ನು. ಯಾರಾದರೂ ಮೊತ್ತವನ್ನು ತಿದ್ದಿದರೆ ಆ ತುಂಡು ತಡೆಯುತ್ತದೆ; ಆದ್ದರಿಂದ ಅದು ಚೆಕ್. ಸೀಳಿದ ಮರದ ಕಡ್ಡಿಯ ಕೆಲಸವನ್ನೇ ಹರಿದ ಕಾಗದ ಮಾಡಿತು. ಆಮೇಲೆ ಹೆಸರು ಉಳಿದ ತುಂಡಿನಿಂದ ಹರಿದುಕೊಟ್ಟ ತುಂಡಿಗೆ ದಾಟಿತು. ಇಂಗ್ಲೆಂಡಿನಲ್ಲಿ ೧೮೨೦ರ ದಶಕದ ಕೊನೆಯಲ್ಲಿ ಗಿಲ್ಬರ್ಟ್ ಎಂಬ ಬ್ಯಾಂಕುಗಾರ ಇದಕ್ಕೆ ಬೇರೆ ಕಾಗುಣಿತ ಇರಲಿ ಎಂದು ಕ್ಯೂ ಅಕ್ಷರದ ರೂಪವನ್ನು ಎತ್ತಿಹಿಡಿದ. ನಾವು ಕಲಿತದ್ದು ಅದನ್ನೇ. ಅಮೆರಿಕದವರು ಇಂದಿಗೂ ಹಳೆಯ ಕಾಗುಣಿತದಲ್ಲೇ ಬರೆಯುತ್ತಾರೆ. ಹೋಟೆಲಿನ ಬಿಲ್ಲೂ ಅವರಿಗೆ ಚೆಕ್ಕೇ; ಸರಿಯುತ್ತರದ ಪಕ್ಕದಲ್ಲಿ ನಾವು ಹಾಕುವ ರೈಟ್ ಗುರುತೂ ಅವರಿಗೆ ಚೆಕ್ಕೇ. ಕಾಗುಣಿತ ಎರಡಾದರೂ ಮಾತು ಒಂದೇ ಎಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕು.

ನಮ್ಮಲ್ಲಿ ೧೮೮೧ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ಚೆಕ್ಕಿಗೆ ಲಕ್ಷಣ ಹೇಳಿತು. ಮೂಲೆಯಲ್ಲಿ ಎರಡು ಗೆರೆ ಎಳೆದರೆ ಹಣ ಕೈಗೆ ಬರುವುದಿಲ್ಲ, ಖಾತೆಗೇ ಹೋಗುತ್ತದೆ ಎಂಬುದೂ ಅದೇ ಕಾಯಿದೆಯಲ್ಲಿದೆ. ಈಗ ಕೈಯಲ್ಲಿರುವ ಫೋನಿನಿಂದಲೇ ಹಣ ಕಳುಹಿಸುವವರು ಹೆಚ್ಚಾಗಿ ಚೆಕ್ ಪುಸ್ತಕ ಪೆಟ್ಟಿಗೆಯ ತಳ ಸೇರುತ್ತಿದೆ. ಸೇರಿದರೂ ಮಾತಿಗೆ ಭಯವಿಲ್ಲ. ಅದಕ್ಕೆ ಬೇರೆ ಮನೆಗಳು ಬೇಕಾದಷ್ಟಿವೆ.

ಚೆಕ್ಕಿಗೆ ಇನ್ನೊಂದು ಹುಟ್ಟನ್ನು ಹೇಳುವವರಿದ್ದಾರೆ. ಅರಬ್ಬಿಯಲ್ಲಿ ‘ಸಕ್ಕ್’ ಎಂಬ ಮಾತಿದೆ, ಪಾರಸಿಯಲ್ಲಿ ‘ಚಕ್’ ಎಂದಿದೆ. ಬರೆದುಕೊಟ್ಟ ಪತ್ರ ಎಂದು ಅರ್ಥ. ಅರಬ್ ವರ್ತಕರು ಇಂಥ ಪತ್ರಗಳ ಮೇಲೆ ಹಣ ಕೊಟ್ಟು ತೆಗೆದುಕೊಳ್ಳುತ್ತಿದ್ದುದು ನಿಜ. ಅದೇ ಸಕ್ಕ್ ಚೆಕ್ಕಾಯಿತು ಎಂದು ಇವರ ವಾದ. ಕೇಳಲು ಬಹು ಚೆನ್ನಾಗಿದೆ. ಶಬ್ದ ಹೊಂದುತ್ತದೆ, ಅರ್ಥವೂ ಹೊಂದುತ್ತದೆ. ಆದರೆ ಸಾಕ್ಷಿ ಹೊಂದುವುದಿಲ್ಲ. ಮಾತು ಅರಬರ ಪತ್ರದಿಂದ ಬಂದಿದ್ದರೆ ಇಂಗ್ಲಿಷಿನಲ್ಲಿ ಅದು ಮೊದಲು ಪತ್ರಕ್ಕೆ ಹೆಸರಾಗಬೇಕಾಗಿತ್ತು, ಪುಸ್ತಕದಲ್ಲಿ ಉಳಿದ ತುಂಡಿಗೆ ಅಲ್ಲ. ನಿಘಂಟುಕಾರರು ರಾಜನ ಕಡೆಗೇ ತೀರ್ಪು ಕೊಟ್ಟಿದ್ದಾರೆ. ನನಗೂ ಅದು ಸರಿಯೆನ್ನಿಸುತ್ತದೆ.

ಕಿವಿಗೆ ಒಪ್ಪಿದ್ದೆಲ್ಲ ನಂಟಲ್ಲ ಎಂಬುದು ಪಂಡಿತರ ಹಟವೆಂದು ಕೆಲವರಿಗೆ ಕಾಣಬಹುದು. ಆದರೆ ಇದೇ ಕಿವಿಯ ಭ್ರಮೆಯಿಂದ ಒಬ್ಬರ ಹಣ ಹೋಗುವುದರಲ್ಲಿತ್ತು. ನಮ್ಮ ಶಾಲೆಯ ಹುಡುಗನೊಬ್ಬನ ತಂದೆ, ಪಟ್ಟಣದ ಅಂಚಿನಲ್ಲಿ ಮೂವತ್ತು ನಲವತ್ತರ ನಿವೇಶನವೊಂದಕ್ಕೆ ಮುಂಗಡ ಕೊಟ್ಟು, ಕ್ರಯಪತ್ರದ ಕರಡನ್ನು ಓದಿಸಿಕೊಳ್ಳಲು ನನ್ನ ಹತ್ತಿರ ಬಂದರು. ಕೊನೆಯಲ್ಲಿ ‘ಚೆಕ್ಕುಬಂದಿ’ ಎಂದು ಬರೆದು, ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಇಂಥವರ ಮನೆ ಎಂದು ನಾಲ್ಕೂ ದಿಕ್ಕು ಕೊಟ್ಟಿತ್ತು. ಜಾಗ ಅಳೆಸಿದಿರಾ ಎಂದು ಕೇಳಿದೆ.

“ಅಳ್ಸೋದ್ಯಾಕೆ ಮೇಷ್ಟ್ರೇ? ಚೆಕ್ಕು ಅಂತ ಅವ್ರೇ ಬರ್ದವ್ರಲ್ಲ. ಚೆಕ್ ಮಾಡ್ದೆ ಬರೀತಾರಾ?”

“ಗೌಡ್ರೇ, ಅದು ಆ ಚ���ಕ್ಕಲ್ಲ. ಅದು ಚಕ್ಕು. ಯಾರೂ ಏನೂ ಚೆಕ್ ಮಾಡಿಲ್ಲ.”

ಅವರು ನನ್ನ ಮುಖವನ್ನೇ ನೋಡಿದರು. ಹಿಂದೂಸ್ತಾನಿಯ ಕಂದಾಯದ ಮಾತಿನಲ್ಲಿ ‘ಚಕ್’ ಎಂದರೆ ಎಲ್ಲೆ ಗುರುತಿಸಿದ ನೆಲದ ತುಂಡು. ‘ಬಂದಿ’ ಎಂದರೆ ಕಟ್ಟು. ನೆಲದ ಸುತ್ತಣ ಎಲ್ಲೆಗಳನ್ನು ಹೇಳುವುದು ಚಕ್ಕುಬಂದಿ. ಮಾರುವವನು ಹೇಳಿದ್ದನ್ನು ಪತ್ರ ಬರೆಯುವವನು ಬರೆದಿದ್ದಾನೆ, ಅಷ್ಟೆ. ಇಂಗ್ಲಿಷಿನ ಚೆಕ್ಕು ಬಾಯಲ್ಲಿ ಬಳಕೆಯಾದ ಮೇಲೆ ಚಕ್ಕು ಎಂಬುದಕ್ಕೆ ಒಂದು ಎತ್ವ ತಾನಾಗಿಯೇ ಸೇರಿಕೊಂಡಿತು. ಎತ್ವ ಸೇರಿದೊಡನೆ ಸರ್ಕಾರವೇ ಪರಿಶೀಲಿಸಿ ಮುದ್ರೆ ಒತ್ತಿದ ಹಾಗೆ ಕೇಳಿಸತೊಡಗಿತು. ಗೌಡರು ಮರುವಾರ ಭೂಮಾಪಕರನ್ನು ಕರೆಸಿ ಅಳೆಸಿದರು. ಪೂರ್ವದಲ್ಲಿ ಓಣಿ ಇದ್ದದ್ದು ನಿಜ. ಆದರೆ ಅಳತೆಯಲ್ಲಿ ನಾಲ್ಕಡಿ ನೆಲ ಆ ಓಣಿಯೊಳಗೇ ಸೇರಿತ್ತು. ಮಾರುವವರು ಬೆಲೆ ಇಳಿಸಿದ ಮೇಲೆಯೇ ಪತ್ರ ನೋಂದಣಿಯಾಯಿತು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಇಂಥ ಪತ್ರವಿರಬಹುದು. ಎತ್ವ ಇದೆಯೋ ಇಲ್ಲವೋ ನೋಡಿಕೊಳ್ಳಿ. ಇದ್ದರೂ ಪತ್ರಕ್ಕೆ ಬಾಧೆಯಿಲ್ಲ, ಅರ್ಥ ಮಾತ್ರ ತಿಳಿದಿರಲಿ.

ಇಂಥ ಮೋಸದ ಹೋಲಿಕೆಗಳು ಇನ್ನೂ ಇವೆ. ಶಾಹ್ ಎಂಬುದನ್ನು ಹೇಳಿದೊಡನೆ ತರಗತಿಯಲ್ಲಿ ಒಬ್ಬ ಹುಡುಗ ಎದ್ದು, ಹಾಗಾದರೆ ಶಹಬಾಸ್ ಎಂಬುದೂ ಅದೇ ಅಲ್ಲವೇ ಸಾರ್ ಎಂದ. ಅಲ್ಲ. ಅದು ಪಾರಸಿಯ ‘ಶಾದ್ ಬಾಶ್’, ಸಂತೋಷವಾಗಿರು ಎಂದು ಹರಸುವ ಮಾತು, ಅದರಲ್ಲಿ ರಾಜನಿಲ್ಲ. ಪ್ರಶ್ನೆ ಕೇಳಿದ್ದಕ್ಕೆ ಮಾತ್ರ ಅವನಿಗೆ ಶಹಬಾಸ್ ಎಂದೆ. ಹಾಗೆಯೇ ಇಂಗ್ಲಿಷಿನ ಟ್ಯಾಲಿ, ನಮ್ಮ ‘ತಾಳೆ ನೋಡು’ ಎಂಬಲ್ಲಿನ ತಾಳೆ. ಕೆಲಸವೂ ಒಂದೇ, ಸದ್ದೂ ಹತ್ತಿರ. ಆದರೆ ಟ್ಯಾಲಿ ಲ್ಯಾಟಿನಿನಲ್ಲಿ ಕಡ್ಡಿ ಎಂಬ ಅರ್ಥದ ಮಾತಿನಿಂದ ಬಂದದ್ದು; ನಮ್ಮ ತಾಳೆ ಮರಾಠಿಯ ಲೆಕ್ಕಿಗರು ಕೂಡಿಸಿದ್ದು ಸರಿಯೇ ಎಂದು ಪರೀಕ್ಷಿಸುವುದಕ್ಕೆ ಹೇಳುವ ‘ತಾಳಾ’ದ ಕಡೆಯದು.

ಕೊನೆಗೆ, ಕನ್ನಡದಲ್ಲಿ ಈ ಚೆಕ್ಕನ್ನು ಏನು ಮಾಡಬೇಕು ಎಂಬ ಪ್ರಶ್ನೆ. ಬ್ಯಾಂಕಿನ ಚೆಕ್ಕಿಗೆ ‘ಧನಾದೇಶ’ ಎನ್ನಬೇಕು ಎಂದು ಕೆಲವು ಮಿತ್ರರು ಹೇಳುತ್ತಾರೆ. ಧನಾದೇಶವೆಂದರೆ ಅಂಚೆಯ ಮನಿಯಾರ್ಡರಿಗೂ ಸಲ್ಲುತ್ತದೆ. ಒಂದರ ಗೊಂದಲ ಕಳೆಯಲು ಹೋಗಿ ಎರಡರ ಗೊಂದಲ ತಂದಂತೆ. ಚೆಕ್ಕು ಎಂದು ಕೊನೆಗೆ ಉಕಾರ ಸೇರಿಸಿ, ಚೆಕ್ಕಿಗೆ, ಚೆಕ್ಕಿನಿಂದ, ಚೆಕ್ಕುಗಳು ಎಂದು ವಿಭಕ್ತಿ ಹಚ್ಚಿ ಜನ ಆಗಲೇ ಅದನ್ನು ಒಳಕ್ಕೆ ಕರೆದುಕೊಂಡಿದ್ದಾರೆ. ಕ್ಷತ್ರಿಯನ ದಾಯಾದಿಯನ್ನು, ನಮ್ಮ ಚದುರಂಗದ ಜೊತೆಯಲ್ಲಿ ಊರೂರು ಸುತ್ತಿ ಬಂದವನನ್ನು, ಬಾಗಿಲಲ್ಲಿ ನಿಲ್ಲಿಸಿ ಗೋತ್ರ ಕೇಳುವುದು ನನಗೇಕೋ ಸರಿಕಾಣದು.

ಆದರೆ ‘ಚೆಕ್ ಮಾಡು’ ಎಂಬುದರ ಮಾತು ಬೇರೆ. ಅಲ್ಲಿ ನಾವು ಬಡವರಲ್ಲ. ಲೆಕ್ಕವಾದರೆ ತಾಳೆ ನೋಡುತ್ತೇವೆ. ಚಿನ್ನವಾದರೆ ಒರೆ ಹಚ್ಚುತ್ತೇವೆ. ಅಕ್ಕಿ ಬೆಂದಿದೆಯೇ ಎಂದು ಅಗುಳು ಹಿಸುಕಿ ನೋಡುತ್ತೇವೆ. ವೈದ್ಯರು ನಾಡಿ ಹಿಡಿದು ನೋಡುತ್ತಾರೆ, ಹುಡುಗನನ್ನು ಅಂಕೆಯಲ್ಲಿಡುತ್ತೇವೆ, ನೀರಿಗೆ ತಡೆ ಹಾಕುತ್ತೇವೆ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುತ್ತೇವೆ. ಮೊನ್ನೆ ಒಂದು ಮನೆಯಲ್ಲಿ ತಾಯಿ ಮಗಳಿಗೆ, ‘ಸಾರಿಗೆ ಉಪ್ಪು ಚೆಕ್ ಮಾಡೇ’ ಎಂದರು. ಮಗಳು ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನಾಲಗೆಗೆ ಹಚ್ಚಿದಳು. ಅದಕ್ಕೆ ಕನ್ನಡದಲ್ಲಿ ರುಚಿ ನೋಡುವುದು ಎನ್ನುತ್ತಾರೆ.